ಒನ್ ಆಫ್ ಮೈ ಫ್ರೆಂಡು

ಹೋದ ವಾರ ಆಫೀಸಿನ ಮೀಟಿಂಗಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ‘ಒನ್ ಆಫ್ ಮೈ ಫ್ರೆಂಡ್’ ಅಂದ. ಎದುರಿಗಿದ್ದವರೊಬ್ಬರು ‘ಫ್ರೆಂಡ್ಸ್’ ಅಂತ ತಿದ್ದಿ ಕಿಸಕ್ಕನೆ ನಕ್ಕರು. ಆಮೇಲೆ ಅವನು ಬಾಯಿಯೇ ಬಿಡಲಿಲ್ಲ. ನನಗೆ ಕರುಳು ಚುರುಕ್ ಅಂದಿತು. ಡಿಗ್ರಿ ಮುಗಿಯುವವರೆಗೂ ನಾನೂ ಹಾಗೇ ಹೇಳುತ್ತಿದ್ದೆ.

ಇದು ದಡ್ಡತನದ ತಪ್ಪಲ್ಲ. ನಮ್ಮ ತಲೆಯಲ್ಲಿ ಓಡುವುದು ‘ನನ್ನ ಒಬ್ಬ ಫ್ರೆಂಡ್’. ಇರುವವನು ಒಬ್ಬನೇ ತಾನೇ, ಅವನಿಗ್ಯಾಕೆ ‘ಸ್’? ‘ಮೂರು ಪುಸ್ತಕ ಕೊಡಿ’ ಅಂತ ಆರಾಮಾಗಿ ಕೇಳುವ ಜನ ನಾವು. ಮೂರಕ್ಕೇ ‘ಗಳು’ ಬೇಡ ಅನ್ನುವವರು ಒಂದಕ್ಕೆ ಹಾಕುತ್ತೇವಾ?

ಅದನ್ನೇ ‘ನನ್ನ ಗೆಳೆಯರಲ್ಲಿ ಒಬ್ಬ’ ಅಂತ ಯೋಚಿಸಿ ನೋಡಿ. ‘ಗೆಳೆಯನಲ್ಲಿ ಒಬ್ಬ’ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಇಂಥ ಕಡೆ ‘ಆಫ್’ ಬಂದರೆ ಮನಸ್ಸಿನಲ್ಲೇ ‘ಅಲ್ಲಿ’ ಹಾಕಿಕೊಳ್ಳಿ, ಬಹುವಚನ ತಾನಾಗೇ ಬರುತ್ತದೆ. ‘ಈಚ್ ಆಫ್ ದಿ ಬಾಯ್ಸ್’ ಕೂಡ ಇದೇ ಜಾತಿ. ಗುಂಪು ದೊಡ್ಡದು, ಮಾತು ಮಾತ್ರ ಒಬ್ಬೊಬ್ಬನ ಬಗ್ಗೆ. ಅದಕ್ಕೇ ಕ್ರಿಯಾಪದ ಏಕವಚನದಲ್ಲೇ ಉಳಿಯುತ್ತದೆ: ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಎ ಡಾಕ್ಟರ್’.

‘ಎವೆರಿ’ ಇನ್ನೂ ಸುಲಭ. ಎವೆರಿ ಹೌಸ್, ಪ್ರತಿ ಮನೆ. ತಮಾಷೆ ಅಂದರೆ ಇಂಗ್ಲಿಷ್ ತಿದ್ದುವವರೇ ಕನ್ನಡದಲ್ಲಿ ‘ಪ್ರತಿಯೊಂದು ಮನೆಗಳಲ್ಲೂ’ ಅಂತ ಬರೆಯುತ್ತಾರೆ. ಅದಕ್ಕೆ ಯಾರೂ ನಗುವುದಿಲ್ಲ!

ಕನ್ನಡ ಕೈಕೊಡುವುದು ‘ಎವೆರಿಒನ್’ ಹತ್ತಿರ. ನಮಗೆ ‘ಎಲ್ಲರೂ ಬಂದಿದ್ದಾರೆ’, ಅವರಿಗೆ ‘ಎವೆರಿಒನ್ ಹ್ಯಾಸ್ ಕಮ್’. ಸುಮ್ನೆ ಬಾಯಿಪಾಠ ಮಾಡಬೇಕು, ಬೇರೆ ದಾರಿಯಿಲ್ಲ. ಅವರದೂ ಪೂರ್ತಿ ನೆಟ್ಟಗಿಲ್ಲ ಬಿಡಿ. ‘ಎವೆರಿಒನ್ ಹ್ಯಾಸ್ ದೇರ್ ಓನ್ ಒಪೀನಿಯನ್’ ಅನ್ನುವಾಗ ‘ಹ್ಯಾಸ್’ ಒಬ್ಬನಿಗೆ, ‘ದೇರ್’ ಹಲವರಿಗೆ. ನಮ್ಮ ಮೇಷ್ಟ್ರು ‘ದೇರ್’ ಹೊಡೆದುಹಾಕಿ ‘ಹಿಸ್’ ಬರೆಸುತ್ತಿದ್ದರು. ಆದರೆ ಇಂಗ್ಲಿಷರು 14ನೇ ಶತಮಾನದಿಂದಲೂ ‘ದೇ’ಯನ್ನು ಹೀಗೆ ಒಬ್ಬರಿಗೂ ಬಳಸುತ್ತಾ ಬಂದಿದ್ದಾರೆ. ‘ಯಾರೂ ಇಲ್ಲ’ ಅನ್ನುವ ‘ನನ್’ (none) ಆದಮೇಲಂತೂ ‘ಈಸ್’, ‘ಆರ್’ ಎರಡೂ ನಡೆಯುತ್ತವೆ.

ಮರುದಿನ ಟೀ ಕುಡಿಯುವಾಗ ಆ ಹುಡುಗನಿಗೆ ‘ಅಲ್ಲಿ’ ಉಪಾಯ ಹೇಳಿಕೊಟ್ಟೆ. “ಸಾರ್, ಮಾತಾಡೋವಾಗ ಇಷ್ಟೆಲ್ಲ ನೆನಪಾಗಲ್ಲ” ಅಂದ. ಹಾಗಾದರೆ ‘ಎ ಫ್ರೆಂಡ್ ಆಫ್ ಮೈನ್’ ಅನ್ನು ಮಾರಾಯ, ‘ಸ್’ ಗೊಡವೆಯೇ ಇಲ್ಲ ಅಂದೆ.