ಕನಸಿನಲ್ಲಿ ಸಾಹೇಬರು ಬಂದರೆ

ನಮ್ಮ ಹುಬ್ಬಳ್ಳಿ ಕಡೆ ಯಾರಿಗಾದರೂ ಕನಸಿನಲ್ಲಿ ದೊಡ್ಡವರು ಬಂದರು ಅಂದರೆ ಮನೆಯವರು ಮೊದಲು ಕೇಳೋದು "ಏನಂದ್ರು?" ಅಂತ. ಸಿದ್ಧಾರೂಢ ಅಜ್ಜ ಬಂದಿದ್ದರೆ ಮಠಕ್ಕೆ ಹೋಗಿ ಕಾಯಿ ಒಡೆಸಬೇಕು. ಶಾಸಕರು ಬಂದಿದ್ದರೆ ಮಗನಿಗೆ ನೌಕರಿ ಗ್ಯಾರಂಟಿ. ಆಫೀಸಿನ ಸಾಹೇಬರು ಬಂದರೆ ಮಾತ್ರ ಯಾರೂ ಅರ್ಥ ಹುಡುಕಲ್ಲ, ಬೈದುಕೊಂಡು ಎದ್ದು ಚಹಾ ಕುಡಿಯುತ್ತಾರೆ.

ನಾನು ಕೇಳೋದು ಬೇರೆ. ಅವರ ಮುಂದೆ ನೀವು ಏನು ಮಾಡಿದಿರಿ?

ಗೋಕುಲ ರೋಡಿನಲ್ಲಿರುವ ನನ್ನ ಗೆಳೆಯನ ಕನಸಿನಲ್ಲಿ ಪ್ಲಾಟ್ ಮಾರುವ ಏಜೆಂಟ್ ಬಂದಿದ್ದ. ಬಲು ಸವಿಮಾತಿನವ. ಅವನು ಖಾಲಿ ಹಾಳೆ ಮುಂದಿಟ್ಟರೆ ಇವನು "ಹೂನ್ರಿ, ಹೂನ್ರಿ" ಅಂತ ಸಹಿ ಹಾಕುತ್ತಲೇ ಹೋದನಂತೆ. ಮನೆಯಾಕೆ "ಭೂಮಿಯೋಗ ಐತಿ" ಅಂದರು. ನನಗೆ ಹಾಗೆ ಅನಿಸಲಿಲ್ಲ. ಇವನು ಹಗಲಲ್ಲೂ ಹಾಗೇ. ತಮ್ಮ ಸಾಲ ಕೇಳಿದರೂ ಹೂನ್ರಿ, ಮ್ಯಾನೇಜರ್ ಭಾನುವಾರ ಕರೆದರೂ ಹೂನ್ರಿ. ಆ ಕನಸಿನಲ್ಲಿ ಏಜೆಂಟ್ ನೆಪ ಅಷ್ಟೇ.

ಕನಸಿನಲ್ಲಿ ಎಲ್ಲರೂ ಸುಲಭಕ್ಕೆ ಬಗ್ಗುತ್ತೇವೆ, ಅದಕ್ಕೆ ಕಾರಣವೂ ಇದೆ. 1953ರಲ್ಲಿ ಶಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು, ನಿದ್ದೆಯಲ್ಲಿ ಆಗಾಗ ಕಣ್ಣುಗುಡ್ಡೆ ಚುರುಕಾಗಿ ಓಡಾಡುವ ಹೊತ್ತು ಬರುತ್ತದೆ ಅಂತ ಬರೆದರು. ಅದೇ ರೆಮ್ ನಿದ್ದೆ. ಎದ್ದ ಮೇಲೂ ನೆನಪಿರುವ ಕನಸುಗಳು ಹೆಚ್ಚಾಗಿ ಆಗಲೇ ಬೀಳುತ್ತವೆ. ಆಗ ಮಿದುಳಿನಲ್ಲಿ ಭಯ, ಆಸೆಯ ಭಾಗ ಜೋರಾಗಿರುತ್ತದೆ, ಸರಿ ತಪ್ಪು ತೂಗುವ ಮುಂಭಾಗ ಮಂಕಾಗಿರುತ್ತದೆ. ಹಾಗಾಗಿ ಮಂತ್ರಿಗಳು ಬಂದು ನಿಮ್ಮ ಅಡುಗೆಮನೆಯಲ್ಲಿ ಶೇಂಗಾ ಸುಲಿಯುತ್ತಾ ಕೂತರೂ ವಿಚಿತ್ರ ಅನಿಸಲ್ಲ. ರೆಮ್ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗಾಗುತ್ತಾ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸು ನಿಜ ಆಗುತ್ತದೆ ಅಂತಾರಲ್ಲ, ನಿಜ ಆಗುತ್ತದೋ ಇಲ್ಲವೋ, ನೆನಪಂತೂ ಉಳಿಯುತ್ತದೆ.

ಕನಸಿನ ರಾಜ ರಾಣಿ ಅಂದರೆ ಸಾಮಾನ್ಯವಾಗಿ ಅಪ್ಪ ಅವ್ವ ಅಂತ ವಿಯೆನ್ನಾದ ಮನೋವೈದ್ಯ ಫ್ರಾಯ್ಡ್ ಬರೆದ. ಅಲ್ಲಿ ಆಗ ಚಕ್ರವರ್ತಿ ಇದ್ದ, ಸರಿ. ನಮ್ಮಲ್ಲಿ ಅಪ್ಪನೇ ಸ್ವತಃ ಕನಸಿಗೆ ಬಂದು ಬೈತಾನೆ, ರಾಜನ ವೇಷ ಯಾಕೆ ಬೇಕು? ನನಗೆ ಒಪ್ಪಿಗೆಯಾಗೋದು ಅಮೆರಿಕದ ಕ್ಯಾಲ್ವಿನ್ ಹಾಲ್. ಸಾವಿರಾರು ಜನರ ಕನಸು ಕೂಡಿಹಾಕಿ ಓದಿದ ಮನುಷ್ಯ. ಹಗಲಿನ ಚಿಂತೆಯೇ ರಾತ್ರಿ ಮುಂದುವರಿಯುತ್ತದೆ ಅನ್ನೋದು ಅವನ ಮಾತು.

ಹೆದರಿಸುವ ಒಬ್ಬನೇ ಮನುಷ್ಯ ಪದೇ ಪದೇ ಬಂದು ನಿದ್ದೆ ಕೆಡಿಸಿದರೆ ಅದು ಶಕುನದ ವಿಷಯವಲ್ಲ. ಧಾರವಾಡದಲ್ಲೇ ಡಿಮ್ಹಾನ್ಸ್ ಅಂತ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ, ಡಾಕ್ಟರಿಗೆ ತೋರಿಸಿ. ಎಚ್ಚರ ಇದ್ದಾಗ ಆ ಕನಸಿನ ಕೊನೆಯನ್ನು ಬದಲಿಸಿ, ಹೊಸದನ್ನು ದಿನಾ ಮನಸ್ಸಿನಲ್ಲಿ ರೂಢಿ ಮಾಡಿಕೊಳ್ಳುವ ಚಿಕಿತ್ಸೆಯೂ ಇದೆ.

ನನಗೆ ನಿಜವಾಗಿ ಸಿಟ್ಟು ಬರೋದು ಕನಸಿನ ಮೇಲಲ್ಲ, ಅರ್ಥ ಹೇಳುವವರ ಮೇಲೆ. ಬುಡಬುಡಿಕೆಯವನಾದರೂ ಒಂದು ಸೇರು ಜೋಳ ಇಸ್ಕೊಂಡು ಹೋಗುತ್ತಾನೆ. ಈ ಮೊಬೈಲ್ ವಿಡಿಯೋದವರು ಹೆದರಿಸಿ ಪೂಜೆಯ ರೇಟ್ ಹೇಳುತ್ತಾರೆ. ಅವರಿಗಿಂತ ಗಟ್ಟಿಗರು ಮನೆಯಲ್ಲೇ ಇರುತ್ತಾರೆ. "ಅಜ್ಜ ಕನಸಿನ್ಯಾಗ ಹೇಳ್ಯಾನ" ಅಂದುಬಿಟ್ಟರೆ ಮುಗೀತು, ಯಾರು ಎದುರು ಮಾತಾಡುತ್ತಾರೆ? ಕನಸಿಗೆ ಸಾಕ್ಷಿ ಇಲ್ಲ, ಅಜ್ಜನಿಗೆ ಎದುರಿಲ್ಲ. ಅಜ್ಜ ಬಂದು ತಲೆ ಮೇಲೆ ಕೈ ಇಟ್ಟ, ಮನಸ್ಸು ಹಗುರಾಯಿತು ಅಂದರೆ ನಾನೂ ಕೈ ಮುಗಿಯುತ್ತೇನೆ. ಅದೇ ಅಜ್ಜ ಬಂದು ಮನೆಯನ್ನು ಹಿರಿಮಗನ ಹೆಸರಿಗೆ ಮಾಡು ಅಂದ ಅಂದರೆ, ಅದನ್ನು ಹೇಳುತ್ತಿರುವವರು ಯಾರು ಅಂತ ನೋಡುತ್ತೇನೆ.

ನಮ್ಮ ಬಳಗದಲ್ಲಿ ಒಬ್ಬ ದೊಡ್ಡವ್ವ ಇದೇ ಅಸ್ತ್ರ ಬಿಟ್ಟರು. "ಸಿದ್ಧಾರೂಢ ಅಜ್ಜ ಬಂದಿದ್ದ, ಈ ಸಂಬಂಧ ಬಿಡಬ್ಯಾಡ ಅಂದ." ಮನೆಯವರೆಲ್ಲ ತಲೆ ಆಡಿಸಿದರು. ಹುಡುಗಿ ಮಾತ್ರ ರೊಟ್ಟಿ ಮುರಿಯುತ್ತಾ, "ದೊಡ್ಡವ್ವಾ, ನನ್ನ ಕನಸಿನ್ಯಾಗೂ ಬಂದಿದ್ದ. ಮದ್ಲ ಎಂ.ಎಸ್ಸಿ. ಮುಗಿಸು ಅಂದ" ಅಂದಳು.