ಸಣ್ಣ ರಿಪೇರಿ ಇದೆ ಸಾರ್, ಅಷ್ಟೇ

ಪೀಣ್ಯದ ಶೆಡ್ಡುಗಳಲ್ಲಿ ಮೂಲೆ ಸೇರಿ ಮಾರಾಟಕ್ಕೆ ನಿಂತ ಬ್ಯಾಂಡ್‌ಸಾ (ಸುತ್ತುವ ಪಟ್ಟಿ ಬ್ಲೇಡಿನಿಂದ ಲೋಹ ಕೊಯ್ಯುವ) ಮಷೀನುಗಳಿಗೆಲ್ಲ ಒಂದೇ ಕಾಯಿಲೆ, ‘ಸಣ್ಣ ರಿಪೇರಿ’. ಲಿಮಿಟ್ ಸ್ವಿಚ್ ಹೋಗಿದ್ದರೂ ಸಣ್ಣ ರಿಪೇರಿ, ಗೇರ್‌ಬಾಕ್ಸ್ ಪೂರ್ತಿ ಎದ್ದುಹೋಗಿದ್ದರೂ ಸಣ್ಣ ರಿಪೇರಿ. ಬೆಲೆ ಉಳಿಯಲಿ ಎಂದು ಆಡುವ ಈ ಮಾತೇ ಬೆಲೆ ಇಳಿಸುತ್ತದೆ. ಏನು ಕೆಟ್ಟಿದೆ ಎಂದು ಹೇಳದಿದ್ದರೆ ಕೊಳ್ಳುವವನು ಎಲ್ಲವೂ ಕೆಟ್ಟಿದೆ ಎಂದೇ ಹಿಡಿಯುತ್ತಾನೆ. ಆಮೇಲೆ ಮಾತು ನಡೆಯುವುದು ಗುಜರಿಯಂತೆ ಕೆ.ಜಿ. ಲೆಕ್ಕದಲ್ಲಿ.

ಇದಕ್ಕೆ ನಮ್ಮವರು ಕಂಡುಕೊಂಡ ಮದ್ದು ಹಸಿರು ಪೇಂಟು. ಗ್ರೀಸು, ಚಿಪ್ಸು, ಹಳೇ ತುಕ್ಕು ಎಲ್ಲದರ ಮೇಲೂ ಒಂದೇ ಕೋಟ್. ಉತ್ಸಾಹ ಹೆಚ್ಚಾಗಿ ನೇಮ್‌ಪ್ಲೇಟಿಗೂ ಬಳಿದುಬಿಟ್ಟರೆ ಮಾಡೆಲ್ಲೂ ಇಲ್ಲ, ಸೀರಿಯಲ್ ನಂಬರೂ ಇಲ್ಲ. ಬಂದವನು ಉಗುರಿನಿಂದ ಒಂದು ಕಡೆ ಕೆರೆದು ನೋಡಿ, ‘ಅಣ್ಣ, ಕೊನೇ ರೇಟ್ ಹೇಳಿಬಿಡಿ’ ಎನ್ನುತ್ತಾನೆ, ಮೊದಲನೇ ರೇಟನ್ನೇ ಕೇಳದೆ. ಪೇಂಟಿನ ದುಡ್ಡಿನಲ್ಲಿ ಎರಡು ಲೀಟರ್ ಡೀಸೆಲ್ ತಂದು ಮಷೀನು ತೊಳೆಯುವುದು ವಾಸಿ. ಕೂಲೆಂಟ್ ಟ್ಯಾಂಕನ್ನೂ ಖಾಲಿ ಮಾಡಿಸಿ. ಅದರ ತಳದಲ್ಲಿ ಕೆಸರಿನಂತಾದ ಚಿಪ್ಸು, ಬೀಡಿ ತುಂಡು, ವರ್ಷದ ಹಿಂದೆ ಕಳೆದುಹೋದ ಅಲನ್ ಕೀ ಎಲ್ಲ ಸಿಗುತ್ತವೆ. ವಾಸನೆಯ ಬಗ್ಗೆ ಬರೆಯದಿರುವುದೇ ಮರ್ಯಾದೆ.

ಕೊಳ್ಳುವ ಪಾರ್ಟಿ ಬರುವ ಮೊದಲೇ ಒಂದು ಬಿಲ್ಲೆ ಕೊಯ್ದಿಡಬೇಕು. 100 ಮಿ.ಮೀ. ಇಎನ್8 ಉಕ್ಕಿನ ರೌಂಡಾದರೆ 3/4 ಟಿಪಿಐ (ಇಂಚಿಗೆ ಮೂರು-ನಾಲ್ಕು ಹಲ್ಲು) ಬೈಮೆಟಲ್ ಬ್ಲೇಡ್ ಸಾಕು. ಬಿಲ್ಲೆಗೆ ಟ್ರೈಸ್ಕ್ವೇರ್ (ಮೂಲೆಮಟ್ಟ) ಹಿಡಿದು ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. 0.2 ಮಿ.ಮೀ. ಒಳಗಿದ್ದರೆ ಹೆಮ್ಮೆಯಿಂದ ಮೇಜಿನ ಮೇಲಿಡಿ. 1 ಮಿ.ಮೀ. ಔಟ್ ಇದ್ದರೆ, ಅಂದರೆ ಕಟ್ ಅಷ್ಟು ಓರೆಯಾಗಿದ್ದರೆ, ಕೂಡಲೇ ಬ್ಲೇಡನ್ನು ನೇರವಾಗಿ ಹಿಡಿಯುವ ಗೈಡ್ ಬಿಚ್ಚಲು ಹೋಗಬೇಡಿ. ಮೊದಲ ಅನುಮಾನ ಬ್ಲೇಡಿನ ಮೇಲಿರಲಿ. ಒಂದು ಬದಿಯ ಹಲ್ಲು ಮೊಂಡಾದರೆ ಬ್ಲೇಡು ಚೂಪಿರುವ ಬದಿಗೆ ಎಳೆಯುತ್ತದೆ, ಗೈಡ್ ಎಷ್ಟು ಚೆನ್ನಾಗಿದ್ದರೂ ಸರಿಯೇ. ಹೊಸ ಬ್ಲೇಡಿಗೂ ಔಟ್ ಬಂದರೆ ಟೆನ್ಷನ್ ನೋಡಿ. ಆಮೇಲೆ ಗೈಡ್ ಆರ್ಮ್ ಜಾಬಿನ (ಕೊಯ್ಯುವ ಲೋಹದ) ಹತ್ತಿರಕ್ಕೆ ಬಂದಿದೆಯೇ ನೋಡಿ. ಎಷ್ಟೋ ಶಾಪಿನಲ್ಲಿ ದೊಡ್ಡ ಜಾಬಿಗೆಂದು ದೂರ ಸರಿಸಿದ ಆರ್ಮು ಮತ್ತೆ ಹತ್ತಿರ ಬಂದಿರುವುದಿಲ್ಲ. ನಡುವೆ ಬ್ಲೇಡು ತಿರುಚಿಕೊಳ್ಳುತ್ತದೆ. ಕೊನೆಗೆ ಗೈಡಿನ ಕಾರ್ಬೈಡ್ ಪ್ಯಾಡ್‌ ಮತ್ತು ಬೇರಿಂಗ್‌. ಅವು ಸವೆದಿದ್ದರೆ ಕೊಳ್ಳುವವನಿಗೆ ಕೊಡುವ ಚೀಟಿಯಲ್ಲಿ ಹಾಗೆಂದೇ ಬರೆಯಿರಿ, ಹೊಸ ಪ್ಯಾಡಿನ ಕೊಟೇಶನ್ ಪಕ್ಕದಲ್ಲಿಡಿ. ಕೊಳ್ಳುವವನು ಅಷ್ಟನ್ನೇ ಕಳೆಯುತ್ತಾನೆ, ಅರ್ಧ ಮಷೀನನ್ನಲ್ಲ.

ಹೊಸ ಬ್ಲೇಡ್ ಹಾಕಿ ಪಾರ್ಟಿಯ ಎದುರಿಗೇ ಫುಲ್ ಫೀಡ್ (ಬ್ಲೇಡ್ ಲೋಹಕ್ಕೆ ಇಳಿಯುವ ವೇಗ) ಕೊಡುವ ಶೂರರಿದ್ದಾರೆ. ರನ್-ಇನ್ ಆಗದ, ಅಂದರೆ ಇನ್ನೂ ಪಳಗದ ಹಲ್ಲಿನ ತುದಿ ಉದುರುತ್ತದೆ, ‘ಕಟಕಟ’ ಶಬ್ದ ಬರುತ್ತದೆ, ಪಾರ್ಟಿ ಫೋನ್ ಬಂದವನಂತೆ ಹೊರಗೆ ಹೋಗುತ್ತಾನೆ. ಮೊದಲ ಕೆಲವು ಕಟ್ಟಿಗೆ ಫೀಡು ಅರ್ಧವೇ ಇರಲಿ.

ಗೇರ್‌ಬಾಕ್ಸ್ ಮಾತ್ರ ಸುಳ್ಳು ಹೇಳುವುದಿಲ್ಲ. ಮೇನ್ ಆಫ್ ಮಾಡಿ, ಬ್ಲೇಡ್ ತೆಗೆದು, ಡ್ರೈವ್ ವೀಲನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ. ಸ್ವಲ್ಪ ಆಟ ಸಹಜ, ಲೊಡಲೊಡ ಎಂದರೆ ಒಳಗಿನ ವರ್ಮ್ ವೀಲ್ (ಹಲ್ಲಿನ ಚಕ್ರ) ಸವೆದಿದೆ. ಡ್ರೇನ್ ಪ್ಲಗ್ ಸಡಿಲಿಸಿ ನಾಲ್ಕು ಹನಿ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಬಿಡಿ. ಬಿಸಿಲಿಗೆ ಹಿಡಿದಾಗ ಚಿನ್ನದ ಪುಡಿ ಮಿನುಗಿದರೆ ಸಂತೋಷಪಡಬೇಡಿ, ಅದು ಕರಗಿಹೋಗುತ್ತಿರುವ ವರ್ಮ್ ವೀಲಿನ ಬ್ರಾಂಜ್ ಹಲ್ಲು. ಅನುಭವಿ ಕೊಳ್ಳುವವನು ಮೊದಲು ಕೇಳುವುದು ಈ ಬಟ್ಟೆಯನ್ನೇ.

ಹೈಡ್ರಾಲಿಕ್ ಪರೀಕ್ಷೆ ಇನ್ನೂ ಸುಲಭ. ಬ್ಲೇಡ್ ಹೊತ್ತ ಹೆಡ್ ಎತ್ತಿ, ಪವರ್ ಪ್ಯಾಕ್ (ಎಣ್ಣೆಯ ಪಂಪು-ಮೋಟರ್) ನಿಲ್ಲಿಸಿ, ಕಾಲಮ್ಮಿನ ಮೇಲೆ ಚಾಕ್‌ಪೀಸ್ ಗೆರೆ ಎಳೆದು ಟೀ ಕುಡಿದು ಬನ್ನಿ. ಕೈಯನ್ನು ಮಾತ್ರ ಹೆಡ್ಡಿನ ಕೆಳಗೆ ಇಡಬೇಡಿ. ಬಸ್ಸಿನಲ್ಲಿ ತೂಕಡಿಸುವವನ ತಲೆಯಂತೆ ಅದು ಮೆಲ್ಲಗೆ ವಾಲಿ ಬಂದಿದ್ದರೆ ಸಿಲಿಂಡರಿನ ಸೀಲ್ ಹೋಗಿದೆ, ಇಲ್ಲವೇ ವಾಲ್ವಿನಲ್ಲಿ ಕಸ ಕೂತಿದೆ. ಬರೀ ಸೀಲಾದರೆ ಅಗ್ಗ. ರಾಡಿನ ಮೇಲೆ ಉಗುರಿಗೆ ಸಿಗುವ ಗೀರಿದ್ದರೆ ಹೊಸ ಸೀಲೂ ಬಾಳುವುದಿಲ್ಲ, ಅದನ್ನು ಬೇರೆಯಾಗಿಯೇ ಬರೆಯಬೇಕು.

ಕಾಗದಪತ್ರ ಬೇಗ ಮುಗಿಸೋಣ. ಎಚ್‌ಎಸ್‌ಎನ್ (ತೆರಿಗೆಗೆ ಸರಕು ಗುರುತಿಸುವ ಸಂಖ್ಯೆ) 8461, ಜಿಎಸ್‌ಟಿ ಶೇ. 18. ಕೊಂಡಾಗ ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ, ಅದರಲ್ಲಿ ತ್ರೈಮಾಸಿಕಕ್ಕೆ ಶೇ. 5ರಂತೆ ಕಳೆದು ಉಳಿದದ್ದು ಅಥವಾ ಮಾರಿದ ಬೆಲೆಯ ಮೇಲಿನ ತೆರಿಗೆ, ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಮೌಲ್ಯ 50,000 ರೂ. ದಾಟಿದರೆ ಇ-ವೇ ಬಿಲ್ ಇಲ್ಲದೆ ಲಾರಿ ಹೊರಡಿಸಬೇಡಿ.

ಇನ್ನು ಲೋಡಿಂಗ್. ಹೈಡ್ರಾ ಕ್ರೇನಿನವನ ಕಣ್ಣಿಗೆ ಬೆಲ್ಟ್ ಹಾಕಲು ಅನುಕೂಲವಾಗಿ ಕಾಣುವುದು ಬ್ಲೇಡ್ ಓಡುವ ಹೆಡ್ಡೇ. ಅಲ್ಲಿಂದ ಎತ್ತಿದರೆ ಕಾಲಮ್ಮೋ ಪಿವಟ್ಟೋ ಬಾಗುತ್ತದೆ. ಅಷ್ಟು ಹೊತ್ತೂ ನಿಜವಾಗಿಯೇ ಸಣ್ಣದಿದ್ದ ರಿಪೇರಿ ನೆಲದಿಂದ ಒಂದಡಿ ಮೇಲೆ ದೊಡ್ಡದಾಗುತ್ತದೆ. ಹೆಡ್ ಪೂರ್ತಿ ಇಳಿಸಿ ಬೆಡ್ಡಿಗೆ ಕಟ್ಟಿ, ಬ್ಲೇಡ್ ತೆಗೆದು, ಎಣ್ಣೆ, ಕೂಲೆಂಟ್ ಬಸಿದು, ಬೆಲ್ಟನ್ನು ಬೇಸಿಗೇ ಹಾಕಿಸಿ.

ದುಡ್ಡು ಬಂತು, ಲಾರಿ ಹೋಯಿತು ಎಂದು ನಿರಾಳವಾಗಬೇಡಿ. ಫೋನು ಬರುತ್ತದೆ: ‘ಏನ್ ಸಾರ್, ಹೀಗ್ ಮಾಡ್ಬಿಟ್ರಿ? ಹೆಡ್ ಎತ್ತೋದೇ ಇಲ್ಲ, ಬ್ಲೇಡ್ ಉಲ್ಟಾ ಓಡ್ತಿದೆ!’ ಹೆದರಬೇಕಾಗಿಲ್ಲ. ಅವರ ಶೆಡ್ಡಿನಲ್ಲಿ ಫೇಸ್ ಅದಲುಬದಲಾಗಿದೆ. ಮೋಟರ್ ಹಿಂದಕ್ಕೆ ತಿರುಗಿದರೆ ಪಂಪಿಗೆ ಪ್ರೆಶರ್ ಬರುವುದಿಲ್ಲ. ಮೇನ್ ಆಫ್ ಮಾಡಿ, ಒಳಬರುವ ಮೂರು ಫೇಸಿನಲ್ಲಿ ಯಾವುದಾದರೂ ಎರಡನ್ನು ಎಲೆಕ್ಟ್ರಿಷಿಯನ್ ಕೈಲಿ ಅದಲುಬದಲು ಮಾಡಿಸಿದರೆ ಮುಗಿಯಿತು. ಇದನ್ನು ಪ್ಯಾನೆಲ್ ಬಾಗಿಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೇ ಕಳಿಸಬಹುದು. ಬರೆದರೂ ಫೋನಂತೂ ಬರುತ್ತದೆ.