ಕಪ್ಲರ್ ಬಿಚ್ಚೋದು: ಉಡುಪಿಯಲ್ಲಿ ಒಂಥರ, ಡೆಟ್ರಾಯ್ಟ್ ಕಡೆ ಇನ್ನೊಂಥರ

ಕಾರಿನ ಸ್ಟೀರಿಂಗ್ ಕಾಲಂ (ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ಕಂಬ) ಇಳಿಸೋದು ಅಂದ್ರೆ ನಟ್ಟು ಬೋಲ್ಟಿನ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೋಲ್ಟು ನಾಲ್ಕೈದು ಇರುತ್ತವೆ, ಬಿಚ್ಚಿದರೆ ಬರುತ್ತವೆ. ಹೊತ್ತು ತಿನ್ನೋದು ವೈರ್ ಜೋಡಿಸುವ ಪ್ಲಾಸ್ಟಿಕ್ ಪ್ಲಗ್ಗುಗಳು, ಅಂದರೆ ಕಪ್ಲರ್‌ಗಳು. ಲೈಟು ವೈಪರ್ ಸ್ವಿಚ್ಚಿಗೆ ಒಂದು, ಇಗ್ನಿಷನ್‌ಗೆ ಒಂದು, ಪವರ್ ಸ್ಟೀರಿಂಗ್ ಮೋಟಾರಿಗೆ ದಪ್ಪದ್ದೊಂದು, ಏರ್‌ಬ್ಯಾಗಿಗೆ ಹಳದಿಯದ್ದು. ಹೆಚ್ಚಿನವು ಡ್ಯಾಶ್‌ಬೋರ್ಡ್ ಅಡಿಯಲ್ಲಿ, ಕಣ್ಣಿಗೆ ಕಾಣದ ಮೂಲೆಯಲ್ಲಿ.

ನಾನಿರೋದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕ. ಮನೆ ಉಡುಪಿಯ ಅಂಬಲಪಾಡಿ. ಈ ಕೆಲಸವನ್ನು ಎರಡೂ ಕಡೆ ನೋಡಿದ್ದೇನೆ, ಮಾಡಿದ್ದೇನೆ. ನನ್ನ ಪ್ರಕಾರ ಕಪ್ಲರ್ ಬಿಚ್ಚುವುದರಲ್ಲಿ ನಮ್ಮೂರ ಕೈ ಮೇಲು. ಏರ್‌ಬ್ಯಾಗ್ ವಿಷಯದಲ್ಲಿ ಮಾತ್ರ ನಮ್ಮೂರ ಧೈರ್ಯ ಸ್ವಲ್ಪ ಜಾಸ್ತಿ ಆಯಿತು.

ಅಮೆರಿಕದಲ್ಲಿ ಗ್ಯಾರೇಜಿನ ಕೂಲಿ ದುಬಾರಿ. ಹಾಗಾಗಿ ಸಾಮಾನ್ಯ ಆಫೀಸು ಕೆಲಸದವನೂ ಶನಿವಾರ ಕಾರಿನಡಿ ಮಲಗುತ್ತಾನೆ. ಸ್ಟೀರಿಂಗ್ ಎಳೆಯುವ ಪುಲ್ಲರ್ ಬೇಕಾದರೆ ಬಿಡಿಭಾಗದ ಅಂಗಡಿಯವರೇ ಠೇವಣಿ ಇಟ್ಟುಕೊಂಡು ಕೊಡುತ್ತಾರೆ. ಮ್ಯಾನುಯಲ್ ಸಿಗುತ್ತದೆ, ವೀಡಿಯೋ ಸಿಗುತ್ತದೆ. ಆದರೆ ಕಪ್ಲರ್‌ನ ಕಿವಿ (ಅದುಮಿ ಬಿಡಿಸುವ ಲಾಕಿನ ಪಟ್ಟಿ) ಮುರಿದರೆ ಯಾರಿಗೂ ಬೇಜಾರಿಲ್ಲ. ಗುಜರಿಯಿಂದ ವೈರ್ ಸಮೇತ ಇನ್ನೊಂದು ತಂದು ಜೋಡಿಸುತ್ತಾರೆ, ಇಲ್ಲಾ ಜಿಪ್ ಟೈ ಬಿಗಿದು ಕೈ ತೊಳೆದುಕೊಳ್ಳುತ್ತಾರೆ.

ನಮ್ಮ ಕಡೆ ಬಿಡಿ ಕಪ್ಲರ್ ಬೇಕು ಅಂದ್ರೆ ಸುಲಭಕ್ಕೆ ಸಿಗಲ್ಲ. ಎಷ್ಟೋ ಸಲ ಪೂರ್ತಿ ವೈರಿಂಗೇ ತರಿಸಿ ಅನ್ನುತ್ತಾರೆ. ಆದ್ದರಿಂದ ಹುಡುಗರು ಮುರಿಯದೆ ಬಿಚ್ಚೋದನ್ನೇ ಕಲಿತಿದ್ದಾರೆ. ಅಪ್ಪನ ಹಳೇ ಕಾರಿನ ಕಾಲಂನಲ್ಲಿ ಟಕ್ ಟಕ್ ಸದ್ದು ಬರುತ್ತಿತ್ತು. ಕಳೆದ ಸಲ ಊರಿಗೆ ಬಂದಾಗ ಅದನ್ನು ಇಳಿಸಲು ಪರಿಚಯದ ಮೆಕ್ಯಾನಿಕ್ ಬಂದಿದ್ದರು. ನಾನು ಟಾರ್ಚ್ ಹಿಡಿದು ಕೂತಿದ್ದೆ. ಇಗ್ನಿಷನ್ ಕಪ್ಲರ್ ಜಗ್ಗುತ್ತಿರಲಿಲ್ಲ. ಅವರು ಹೊರಗೆ ಎಳೆಯಲೇ ಇಲ್ಲ. ಮೊದಲು ಅದನ್ನು ಒಳಕ್ಕೆ ಒತ್ತಿದರು. ಒತ್ತಿದಾಗ ಲಾಕಿನ ಮೇಲಿನ ಬಿಗಿ ತಪ್ಪುತ್ತದೆ. ಆಗ ಹೆಬ್ಬೆರಳಿನಿಂದ ಕಿವಿ ಅದುಮಿ, ಮೈ ಹಿಡಿದು ಸ್ವಲ್ಪ ಅಲುಗಾಡಿಸಿದರು. ಬಂತು. ವೈರ್ ಮುಟ್ಟಲೇ ಇಲ್ಲ. "ಎಳೆದ್ರೆ ಇನ್ನೂ ಗಟ್ಟಿ ಕೂರ್ತದೆ ಮಾರಾಯ್ರೆ" ಅಂದರು.

ಕೆಲವು ಕಪ್ಲರಿಗೆ ಎರಡನೇ ಲಾಕೂ ಇರುತ್ತದೆ, ಹೆಚ್ಚಾಗಿ ಬೇರೆ ಬಣ್ಣದ್ದು. ಅದನ್ನು ಮೊದಲು ಚೂರು ಸರಿಸಬೇಕು. ಅದು ಸರಿಯದೆ ಕಿವಿ ಅದುಮಿದರೆ ಮುರಿಯೋದು ಗ್ಯಾರಂಟಿ. ಮೋಟಾರಿನ ದಪ್ಪ ಕಪ್ಲರಿಗೆ ಕೆಲವು ಗಾಡಿಗಳಲ್ಲಿ ಸಣ್ಣ ಲಿವರ್ ಇರುತ್ತದೆ. ಲಿವರ್ ಪೂರ್ತಿ ತಿರುಗಿಸಿದರೆ ಕಪ್ಲರ್ ತಾನಾಗಿ ಮೇಲೆ ಬರುತ್ತದೆ, ಶಕ್ತಿ ಬೇಡ.

ಹವೆಯ ಕಾಟ ಎರಡೂ ಕಡೆ ಇದೆ. ಮಿಷಿಗನ್‌ನ ಜನವರಿಯಲ್ಲಿ ಪ್ಲಾಸ್ಟಿಕ್ ಮುಟ್ಟಿದರೆ ಹಪ್ಪಳದ ಹಾಗೆ ಒಡೆಯುತ್ತದೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಬಿಚ್ಚಬೇಕು. ಕರಾವಳಿಯಲ್ಲಿ ಉಪ್ಪು ಗಾಳಿ, ಮೇಲಿಂದ ಮಳೆಗಾಲದ ಥಂಡಿ. ನೆಲದ ಮ್ಯಾಟ್ ಒದ್ದೆಯಾದರೆ ವಾರಗಟ್ಟಲೆ ಆರಲ್ಲ. ಪಿನ್ನಿಗೆ ಹಸಿರು ಕಿಲುಬು ಹಿಡಿದು ಕಪ್ಲರ್ ಕಚ್ಚಿಕೊಳ್ಳುತ್ತದೆ. ಇದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಒಳ್ಳೆಯದು. ಉಪ್ಪು ಕಾಗದದಲ್ಲಿ ಉಜ್ಜುವವರನ್ನು ನೋಡಿದ್ದೇನೆ. ಪಿನ್ನಿನ ಮೇಲಿನ ಲೇಪ ಹೋದರೆ ಕಿಲುಬು ಇನ್ನೂ ಬೇಗ ಬರುತ್ತದೆ, ದಯವಿಟ್ಟು ಬೇಡ.

ಇನ್ನು ಹಳದಿ ಕಪ್ಲರ್. ಇಲ್ಲಿ ಮಾತ್ರ ನಾನು ಅಮೆರಿಕದವರ ಪಕ್ಷ. ಭಾರತದಲ್ಲಿ 2019ರ ಜುಲೈನಿಂದ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಅಂದರೆ ಈಗ ಸಣ್ಣ ಗ್ಯಾರೇಜಿಗೆ ಬರುವ ಸಣ್ಣ ಕಾರಿನಲ್ಲೂ ಅದು ಇರುತ್ತದೆ. ಬ್ಯಾಟರಿಯ ನೆಗೆಟಿವ್ ತೆಗೆದ ಕೂಡಲೇ ಕೈ ಹಾಕುವಂತಿಲ್ಲ. ಅಪಘಾತದಲ್ಲಿ ಬ್ಯಾಟರಿ ಹೋದರೂ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿ ಅಂತ ಅದರ ಕಂಟ್ರೋಲ್ ಯೂನಿಟ್‌ನೊಳಗೆ ಕೆಪಾಸಿಟರ್ ಕರೆಂಟು ಹಿಡಿದಿಟ್ಟಿರುತ್ತದೆ. ಅದು ಖಾಲಿಯಾಗಲು ಕೆಲವು ಗಾಡಿಗೆ ಒಂದೆರಡು ನಿಮಿಷ ಸಾಕು, ಕೆಲವಕ್ಕೆ ಹತ್ತು ನಿಮಿಷವೂ ಬೇಕು. ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ. ಅಲ್ಲಿಯ ನೆರೆಯವನು ಗಡಿಯಾರ ನೋಡಿ ಕಾಫಿಗೆ ಹೋಗುತ್ತಾನೆ. ನಮ್ಮವರು "ದಾಲ ಮಲ್ಲೆ ಇಜ್ಜಿ" (ತುಳುವಿನಲ್ಲಿ, ಏನೂ ದೊಡ್ಡ ವಿಷಯ ಅಲ್ಲ) ಅನ್ನುತ್ತಾ ಸ್ಕ್ರೂ ಡ್ರೈವರ್ ಎತ್ತುತ್ತಾರೆ. ನಾನು ಅಪ್ಪನ ಕಾರಿನ ಹತ್ತಿರ ಮೆಕ್ಯಾನಿಕ್ಕಿಗೆ ಚಹಾ ಕೊಟ್ಟು ಕೂರಿಸಿದ್ದು ಇದೇ ಕಾರಣಕ್ಕೆ. ಚಹಾ ಅಂದ್ರೆ ಯಾರೂ ಬೇಡ ಅನ್ನಲ್ಲ, ಅಲ್ವಾ.

ಆ ಕಪ್ಲರ್‌ನ ಲಾಕು ಸಾಮಾನ್ಯವಾಗಿ ನಡುವೆ ಇರುತ್ತದೆ. ಚಪ್ಪಟೆ ಸ್ಕ್ರೂ ಡ್ರೈವರ್ ತುದಿಯಿಂದ ಅದನ್ನು ಮೇಲೆತ್ತಿದರೆ ಕಪ್ಲರ್ ನೆಟ್ಟಗೆ ಬರುತ್ತದೆ. ಕಳಚಿದ ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿ ಇಡಿ. ಅದಕ್ಕೆ ಮಲ್ಟಿಮೀಟರ್ ಹಚ್ಚಿ ಪರೀಕ್ಷೆ ಮಾಡುವ ಕುತೂಹಲ ಬೇಡವೇ ಬೇಡ. ಮುಂದಿನ ಚಕ್ರ ನೇರ ಇರಲಿ. ಸ್ಟೀರಿಂಗ್ ಹಿಂದಿನ ಕ್ಲಾಕ್ ಸ್ಪ್ರಿಂಗ್ (ಹಾರ್ನ್, ಏರ್‌ಬ್ಯಾಗಿನ ವೈರ್ ಪಟ್ಟಿಯ ಸುರುಳಿ) ತಿರುಗದಂತೆ ಟೇಪ್ ಹಚ್ಚಿ. ಅದು ನಡುಸ್ಥಾನ ತಪ್ಪಿದರೆ ಮುಂದೆ ಪೂರ್ತಿ ತಿರುಗಿಸಿದಾಗ ಒಳಗಿನ ಪಟ್ಟಿ ಹರಿಯುತ್ತದೆ, ಹಾರ್ನೂ ಏರ್‌ಬ್ಯಾಗೂ ಎರಡೂ ಹೋದವು.

ಎಲ್ಲ ಜೋಡಿಸುವ ತನಕ ಬ್ಯಾಟರಿ ಹಾಕಬೇಡಿ, ಸುಮ್ನೆ ನೋಡೋಣ ಅಂತ ಕೀ ಕೂಡ ತಿರುಗಿಸಬೇಡಿ. ಏರ್‌ಬ್ಯಾಗ್ ಕಳಚಿರುವಾಗ ಕೀ ಆನ್ ಆದರೆ ಏರ್‌ಬ್ಯಾಗಿನ ಎಚ್ಚರಿಕೆ ದೀಪ ಹತ್ತಿಕೊಳ್ಳುತ್ತದೆ, ಎಷ್ಟೋ ಗಾಡಿಗಳಲ್ಲಿ ಗಾಡಿಯ ಕಂಪ್ಯೂಟರಿಗೆ ಹಚ್ಚುವ ಸ್ಕ್ಯಾನರ್ ಇಲ್ಲದೆ ಆರಲ್ಲ.